ಸವಳು ನೆಲಕ್ಕೆ ತಾಯೋಫೀನ್ ಪಾಲಿಮರ್: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಿಂದ ಒಂದು ವಿನ್ಯಾಸ ವಿಚಾರ

ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರಿನ ಎರೆಭೂಮಿಯನ್ನು ಭತ್ತದ ಗದ್ದೆಯಾಗಿಸಿತು. ಬಸಿದುಹೋಗದೆ ನಿಂತ ನೀರು ಅದೇ ನೆಲಕ್ಕೆ ಸವಳು-ಜವಳನ್ನೂ ತಂದಿತು. ಸಂತೃಪ್ತ ಮಣ್ಣಿನಿಂದ ತೆಗೆದ ದ್ರಾವಣದ ವಿದ್ಯುತ್ ವಾಹಕತೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದನ್ನು ಸವಳು ಮಣ್ಣು ಎನ್ನುತ್ತೇವೆ. ಬೇರಿನ ಆಳದಲ್ಲೇ ಕುಳಿತು ಹಂಗಾಮಿನುದ್ದಕ್ಕೂ ಈ ಉಪ್ಪನ್ನು ಅಳೆಯುವ ಅಗ್ಗದ ಸಂವೇದಕಕ್ಕೆ ಗಂಧಕಯುಕ್ತ ಹೆಟೆರೊಸೈಕ್ಲಿಕ್ ಪಾಲಿಮರ್ ಹೇಗಿರಬೇಕು ಎಂಬುದು ಈ ಲೇಖನದ ಪ್ರಶ್ನೆ.

1977ರಲ್ಲಿ ಶಿರಕಾವಾ, ಮ್ಯಾಕ್‌ಡಯರ್ಮಿಡ್, ಹೀಗರ್ ಡೋಪ್ ಮಾಡಿದ ಪಾಲಿಅಸಿಟಿಲೀನ್ ವಾಹಕತೆಯಲ್ಲಿ ಲೋಹದ ಹತ್ತಿರಕ್ಕೆ ಬಂದರೂ ಗಾಳಿಯಲ್ಲಿ ಬಹುಕಾಲ ಉಳಿಯಲಿಲ್ಲ. ಇಲ್ಲಿ ಬೇಕಾದ ಗಂಧಕಯುಕ್ತ ಉಂಗುರ ತಾಯೋಫೀನ್. ಅದರಲ್ಲಿ ಗಂಧಕ ತನ್ನ ಒಂದು ಎಲೆಕ್ಟ್ರಾನ್ ಜೋಡಿಯನ್ನು ಪೈ ವ್ಯವಸ್ಥೆಗೆ ಕೊಡುತ್ತದೆ. ಉಂಗುರಗಳು 2 ಮತ್ತು 5ನೆಯ ಸ್ಥಾನಗಳಲ್ಲಿ ಕೂಡಿದಾಗ ಆವೇಶ ಸರಪಳಿಯುದ್ದಕ್ಕೂ ಹರಿಯುತ್ತದೆ. ಈ ಪಾಲಿಮರ್‌ಗಳು ತೇವದಲ್ಲೂ ಕೆಲಸ ಮಾಡಬಲ್ಲವು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ. ಎಸ್. ನಾರಾಯಣ್ ಮತ್ತು ಸಹಲೇಖಕರು 2014ರಲ್ಲಿ ಪಾಲಿತಾಯೋಫೀನ್ ಇರುವ ಪದರದ ಮೂಲಕ, ಇನ್ನೂ ಬೆಳಕು ಗ್ರಹಿಸದ ಕೋಳಿಭ್ರೂಣದ ಅಕ್ಷಿಪಟಲದಲ್ಲಿ ಬೆಳಕಿನ ಸ್ಪಂದನ ಮೂಡಿಸಿದರು. 2017ರಲ್ಲಿ ಇಟಲಿಯ ಸಂಶೋಧಕರು ಪೆಡಾಟ್ ಎಂಬ ತಾಯೋಫೀನ್ ಪಾಲಿಮರ್ ಲೇಪಿಸಿದ ನೂಲನ್ನು ಟೊಮೆಟೊ ಕಾಂಡದೊಳಗಿಟ್ಟು ಸಸ್ಯರಸದ ಅಯಾನುಗಳನ್ನು ಗಮನಿಸಿದರು.

ವಾಹಕತೆಯ ದಾಖಲೆಯ ಬೆನ್ನು ಹತ್ತುವುದು ಇಲ್ಲಿ ದಾರಿತಪ್ಪಿದಂತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಂವೇದಕದ ಪಾಲಿಮರ್ ಎಲೆಕ್ಟ್ರಾನಿಕ್ ಆವೇಶವನ್ನೂ ಅಯಾನನ್ನೂ ಒಟ್ಟಿಗೆ ಸಾಗಿಸಬೇಕು. ಹೆಕ್ಸೈಲ್ ಪಕ್ಕಸರಪಳಿ ನೀರನ್ನು ದೂರವಿಡುತ್ತದೆ. ಅದರ ಬದಲು ಎಥಿಲೀನ್ ಗ್ಲೈಕಾಲ್ ಸರಪಳಿ ಜೋಡಿಸಿದರೆ ಜಲೀಯ ಅಯಾನುಗಳು ಒಳಬರುತ್ತವೆ. ಆದರೆ ಅದು ಹೆಚ್ಚಾದರೆ ಪದರ ಉಬ್ಬಿ, ಆವೇಶದ ಹಾದಿಯೇ ಕಡಿದುಹೋಗುತ್ತದೆ. ಆದ್ದರಿಂದ ಗ್ಲೈಕಾಲ್ ಸರಪಳಿ ಹೊತ್ತ ಉಂಗುರಗಳ ನಡುವೆ ಬರಿಯ ತಾಯೋಫೀನ್ ಅಥವಾ ಗಡಸು ಥಿಯೆನೊತಾಯೋಫೀನ್ ಘಟಕ ಸೇರಿಸಿ, ಅವುಗಳ ಪ್ರಮಾಣವನ್ನು ಹಂತಹಂತವಾಗಿ ಬದಲಿಸಿ ನೋಡಬೇಕು. ಇದಕ್ಕೆ ಸ್ಟಿಲ್ಲೆ ಜೋಡಣೆ ರೂಢಿಯಲ್ಲಿದ್ದರೂ ಅದು ವಿಷಕಾರಿ ತವರದ ಸಂಯುಕ್ತಗಳನ್ನು ಬೇಡುತ್ತದೆ. ತವರ ಬೇಡದ ನೇರ ಆರೈಲೀಕರಣವೇ ಮೇಲು.

ವಿದ್ಯುದ್ವಾರಕ್ಕೆ ಚಿನ್ನದ ತೆಳುಲೇಪ ಒಳ್ಳೆಯದು: ಉಪ್ಪುನೀರಿನಲ್ಲಿ ಸುಲಭವಾಗಿ ಕೆಡದು. ಆ ಚಿನ್ನ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲೇ ಸಿಗುತ್ತದೆ.

ಕಠಿಣ ತೊಡಕು ಒಂದೇ ಅಯಾನನ್ನು ಆರಿಸಿ ಗುರುತಿಸುವುದರದು. ಸವಳು ನೆಲದಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಬೆರೆತಿರುತ್ತವೆ. ಬರಿಯ ಪಾಲಿಮರ್ ಅವನ್ನು ಬೇರ್ಪಡಿಸಿ ಹೇಳಲಾರದು. ಎರೆಮಣ್ಣಿನ ರಚನೆ ಕೆಡಿಸುವುದು ಸೋಡಿಯಂ. ಅದಕ್ಕೆ ಮದ್ದಾಗಿ ಹಾಕುವ ಜಿಪ್ಸಮ್‌ನಲ್ಲಿರುವುದು ಕ್ಯಾಲ್ಸಿಯಂ. ಸೋಡಿಯಂ ಮಾತ್ರ ಬಿಡುವ ಪೊರೆಯನ್ನು ಮೇಲೆ ಹೊದಿಸಿ, ಶುದ್ಧ ಉಪ್ಪುನೀರಿನ ಜೊತೆಗೆ ಜಿಪ್ಸಮ್ ಹಾಕಿದ ಮತ್ತು ಹಾಕದ ಗದ್ದೆಗಳ ಮಣ್ಣಿನ ದ್ರಾವಣಗಳಲ್ಲೂ, 40 ಡಿಗ್ರಿ ದಾಟುವ ಬೇಸಿಗೆಯ ಉಷ್ಣತೆಯಲ್ಲೂ ಪದರವನ್ನು ಪರೀಕ್ಷಿಸಬೇಕು.