ಋತು ಮುಗಿದ ಮೇಲಿನ ದ್ವೀಪ

ಗ್ರೇಟರ್ ನೋಯ್ಡಾದ ಬಹುಮಹಡಿ ಕಟ್ಟಡಗಳು ಮಂಜಿನಲ್ಲಿ ಮುಳುಗಿದ್ದ ಜನವರಿಯ ಒಂದು ಸಂಜೆ, ಮಾಲ್ಟಾ ನೋಡಿ ಬಂದ ಕನ್ನಡ ಕುಟುಂಬವೊಂದರ ಮನೆಯಲ್ಲಿ ನಾವು ಚಹಾಕ್ಕೆ ಸೇರಿದ್ದೆವು. ಆಫ್‌ಸೀಸನ್ ಆದ್ದರಿಂದ ವಿಮಾನವೂ ಹೋಟೆಲೂ ಅಗ್ಗವಾಗಿ ದೊರೆತವಂತೆ. ಆದರೆ ಗಾಳಿ ಜೋರಾದ ದಿನ ಪಕ್ಕದ ದ್ವೀಪಕ್ಕೆ ದೋಣಿ ಹೊರಡಲಿಲ್ಲ, ಕಡಲತೀರದ ಅಂಗಡಿಗಳಿಗೆಲ್ಲ ಬೀಗ. ‘ಚಳಿಗಾಲದಲ್ಲಿ ಅಲ್ಲಿ ಏನೂ ಇರುವುದಿಲ್ಲ’ ಎಂದರು ಮನೆಯೊಡತಿ. ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು.

ಮೆಡಿಟರೇನಿಯನ್ ಕಡಲಿಗೆ ಈ ಬೀಗ ಹೊಸದಲ್ಲ. ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಕಡಲು ಮುಚ್ಚಿರುತ್ತದೆ ಎಂದು ರೋಮನ್ ಲೇಖಕ ವೆಜೀಶಿಯಸ್ ಬರೆದಿದ್ದಾನೆ. ಸಂತ ಪೌಲನಿದ್ದ ಹಡಗು ಮಾಲ್ಟಾದ ಬಳಿ ಒಡೆದಾಗ ಅವನು ಅಲ್ಲಿ ಮೂರು ತಿಂಗಳು ತಂಗಬೇಕಾಯಿತು. ಆ ಚಳಿಗಾಲವನ್ನು ಅಲ್ಲಿಯೇ ಕಳೆದಿದ್ದ ಅಲೆಕ್ಸಾಂಡ್ರಿಯಾದ ಇನ್ನೊಂದು ಹಡಗನ್ನೇರಿ ಮುಂದೆ ಹೊರಟನೆಂದು ಬೈಬಲ್ ಹೇಳುತ್ತದೆ. ಹಳೆಯ ಕಾಲದ ಪಯಣಿಗನಿಗೆ ಆಫ್‌ಸೀಸನ್ ಎಂದರೆ ಅಗ್ಗದ ಕೋಣೆಯಲ್ಲ, ಹೊರಡಲಾಗದ ಸ್ಥಿತಿ.

ನಮ್ಮ ಕರಾವಳಿಯಲ್ಲಿ ಕಡಲನ್ನು ಮುಚ್ಚುವುದು ಚಳಿಗಾಲವಲ್ಲ, ಮಳೆಗಾಲ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಇಂದಿಗೂ ಜೂನ್ ಮತ್ತು ಜುಲೈ ತಿಂಗಳಲ್ಲಿ ನಿಷೇಧವಿದೆ. ಅಂಥ ಒಂದು ಜುಲೈಯಲ್ಲಿ ಊರಿಗೆ ಹೋಗಿದ್ದಾಗ ನಾವು ಕಾರವಾರದ ದಕ್ಷಿಣಕ್ಕೆ, ಬಿಣಗಾದ ಕಡೆಯ ದಂಡೆಯಲ್ಲಿ ಕೊಡೆ ಹಿಡಿದು ನಿಂತಿದ್ದೆವು. ಮಳೆಯ ತೆರೆ ಸರಿದಾಗ ಕಡಲಿನಲ್ಲಿ ಕಪ್ಪಗೆ, ಉದ್ದಕ್ಕೆ ಮಲಗಿದಂತೆ ಕಂಡದ್ದು ಅಂಜದೀವ್ ದ್ವೀಪ. ನೋಟಕ್ಕೆ ಅದು ಕಾರವಾರದ್ದು, ಆಡಳಿತಕ್ಕೆ ಗೋವೆಯದು. ಈಗ ನೌಕಾಪಡೆಯ ವಶದಲ್ಲಿರುವುದರಿಂದ ನಮ್ಮಂಥವರಿಗೆ ಯಾವ ಋತುವಿನಲ್ಲಿಯೂ ಅಲ್ಲಿಗೆ ಪ್ರವೇಶವಿಲ್ಲ.

ಸಣ್ಣ ದ್ವೀಪವಾದರೂ ಅಲ್ಲಿ ಸಿಹಿನೀರಿದೆ. ಕಡಲ ಪಯಣಿಗರ ನೆನಪಿನಲ್ಲಿ ಅದು ಉಳಿದದ್ದು ಅದಕ್ಕಾಗಿ. 14ನೇ ಶತಮಾನದಲ್ಲಿ ಇಬ್ನ್ ಬತೂತ ಗೋವೆಯ ದಕ್ಷಿಣಕ್ಕೆ ಇಳಿದಿದ್ದ, ಗುಡಿ, ತೋಟ ಮತ್ತು ಕೊಳವಿದ್ದ ಪುಟ್ಟ ದ್ವೀಪವನ್ನು ಹಲವು ವಿದ್ವಾಂಸರು ಅಂಜದೀವ್ ಎಂದೇ ಗುರುತಿಸುತ್ತಾರೆ. ಗುಡಿಯ ಗೋಡೆಗೆ ಒರಗಿ ಕುಳಿತಿದ್ದ ಜೋಗಿಯೊಬ್ಬನನ್ನು ಅವನು ಕಂಡ. ಜೋಗಿ ಮಾತನಾಡಲಿಲ್ಲ, ಕೊಟ್ಟ ಹಣವನ್ನೂ ಸ್ವೀಕರಿಸಲಿಲ್ಲ.

1498ರ ಸೆಪ್ಟೆಂಬರ್ ಕೊನೆಗೆ ಇಲ್ಲಿಗೆ ಬಂದ ವಾಸ್ಕೋ ದ ಗಾಮ ಹಡಗುಗಳನ್ನು ದುರಸ್ತಿ ಮಾಡಿಸಿ, ನೀರು ತುಂಬಿಸಿಕೊಂಡ. ಯುರೋಪ್ ಮೂಲದ ಯಹೂದಿಯೊಬ್ಬ ಗೋವೆಯ ಕಡೆಯಿಂದ ಇಲ್ಲಿಗೆ ಬಂದು, ಇಟಲಿಯ ಮಾತಿನಲ್ಲಿ ಅವರನ್ನು ಸ್ವಾಗತಿಸಿ ಬೆರಗುಗೊಳಿಸಿದ. ಬೇಹುಗಾರನೆಂದು ಶಂಕಿಸಿ ಅವನನ್ನು ಹಿಂಸಿಸಿದರು, ಕೊನೆಗೆ ತಮ್ಮೊಡನೆ ಕರೆದೊಯ್ದು ಗ್ಯಾಸ್ಪರ್ ದ ಗಾಮ ಎಂಬ ಹೆಸರಿಟ್ಟರು. ಈಶಾನ್ಯ ಮಾರುತಕ್ಕೆ ಕಾಯದೆ ಗಾಮ ಅಕ್ಟೋಬರ್ ಮೊದಲ ವಾರದಲ್ಲಿಯೇ ಲಂಗರು ಎತ್ತಿದ. ಬರುವಾಗ ಮಾಲಿಂದಿಯಿಂದ ಕಲ್ಲಿಕೋಟೆಗೆ 23 ದಿನ ಹಿಡಿದಿದ್ದ ಕಡಲು, ಹಿಂದಿರುಗುವಾಗ ಸುಮಾರು ಮೂರು ತಿಂಗಳು ತೆಗೆದುಕೊಂಡಿತು. ಸ್ಕರ್ವಿ ರೋಗದಿಂದ ಸುಮಾರು 30 ಮಂದಿ ದಾರಿಯಲ್ಲಿಯೇ ಸತ್ತರು. ನಮ್ಮ ಮೀನುಗಾರನ ಮಗುವಿಗೂ ತಿಳಿದಿರುವ ಗಾಳಿಯ ಲೆಕ್ಕವನ್ನು ಕಡೆಗಣಿಸಿದ್ದಕ್ಕೆ ತೆತ್ತ ಬೆಲೆ ಅದು.

ಆದರೆ ಋತುವಿನ ಕೈಗೆ ಸಿಕ್ಕವರಲ್ಲಿ ನಮ್ಮನ್ನು ಹೆಚ್ಚು ಕಾಡುವವರು ಬೇರೆ. 1661ರ ವಿವಾಹ ಒಪ್ಪಂದದಂತೆ ಪೋರ್ಚುಗಲ್ ಬೊಂಬಾಯಿಯನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಬಿಟ್ಟುಕೊಟ್ಟಿತು. ಅದನ್ನು ವಹಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್ಮನ್ ನಾನೂರಕ್ಕೂ ಹೆಚ್ಚು ಸೈನಿಕರೊಡನೆ 1662ರಲ್ಲಿ ಬಂದಾಗ, ಕಾಗದಪತ್ರ ಸರಿಯಿಲ್ಲವೆಂದು ಪೋರ್ಚುಗೀಸ್ ವೈಸರಾಯ್ ನಿರಾಕರಿಸಿದ. ಮೊಗಲರ ಕೋಪಕ್ಕೆ ಹೆದರಿ ಸೂರತ್ತಿನ ಇಂಗ್ಲಿಷ್ ಕಂಪನಿಯೂ ಅವರನ್ನು ಇಳಿಸಿಕೊಳ್ಳಲಿಲ್ಲ. ಯಾರಿಗೂ ಬೇಡವಾದ ಆ ಪಡೆಗೆ ಕೊನೆಗೆ ಸಿಕ್ಕ ನೆಲ ಅಂಜದೀವ್. ತಿದ್ದಿದ ಆಜ್ಞಾಪತ್ರ ಲಂಡನ್ನಿನಿಂದ ಬರಬೇಕು. ಅದನ್ನು ತರುವ ಹಡಗು ಗಾಳಿಗೆ ಕಾಯಬೇಕು. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುವ ವೇಗವನ್ನು ದಿನವೂ ನೋಡುವ ಸರ್ಕಾರಿ ನೌಕರರಾದ ನಮಗೆ, ಆ ಕಾಯುವಿಕೆ ಹೇಗಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ.

1663ರ ಮಳೆಗಾಲ ಕಳೆಯಿತು, 1664ರದೂ ಕಳೆಯಿತು. ಕಾಯಿಲೆಗಳು ಪಡೆಯನ್ನು ತಿಂದುಹಾಕಿದವು. 1664ರಲ್ಲಿ ಶಿಪ್ಮನ್ ಕೂಡ ಅಲ್ಲಿಯೇ ತೀರಿಕೊಂಡ. ಅವನ ಕಾರ್ಯದರ್ಶಿ ಹಂಫ್ರಿ ಕುಕ್ 1665ರ ಫೆಬ್ರವರಿಯಲ್ಲಿ ಬೊಂಬಾಯಿಯನ್ನು ವಹಿಸಿಕೊಂಡಾಗ, ಅವನೊಡನೆ ಉಳಿದಿದ್ದವರು ನೂರರ ಆಸುಪಾಸು ಜನ. ಮೂರೇ ವರ್ಷಗಳಲ್ಲಿ, 1668ರಲ್ಲಿ, ಇಂಗ್ಲೆಂಡಿನ ದೊರೆ ಆ ಬೊಂಬಾಯಿಯನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಮುಂದೆ ಮಹಾನಗರವಾದ ಆ ನೆಲದ ಕಥೆಯನ್ನು ನಾವು ರಾಜಕುಮಾರಿಯ ಬಳುವಳಿಯಿಂದ ಆರಂಭಿಸುತ್ತೇವೆ. ಆ ಬಳುವಳಿಗಾಗಿ ನಮ್ಮ ಕಾರವಾರದ ಕಣ್ಣೆದುರು ಸತ್ತ ಮುನ್ನೂರು ಮಂದಿ ಬಡ ಸಿಪಾಯಿಗಳು ಆ ಕಥೆಯಲ್ಲಿ ಬರುವುದು ಅಪರೂಪ. ಅವರು ಸಾಮ್ರಾಜ್ಯಕ್ಕಾಗಿ ಬಂದವರು ಎಂಬುದು ನಿಜ. ಆದರೆ ಅವರನ್ನು ಕೊಂದದ್ದು ಯಾವ ಯುದ್ಧವೂ ಅಲ್ಲ.

ಯುದ್ಧವೂ ಒಮ್ಮೆ ಇಲ್ಲಿಗೆ ಬಂದಿತು. 1961ರ ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಭಾರತೀಯ ನೌಕಾಪಡೆಯ ತುಕಡಿ ಅಂಜದೀವ್‌ನಲ್ಲಿ ಇಳಿಯಿತು. ನೆರವಿಗೆ ನಿಂತ ಹಡಗುಗಳಲ್ಲಿ ಒಂದರ ಹೆಸರು ‘ಮೈಸೂರು’. ನಮ್ಮ ಏಳು ಮಂದಿ ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಆಮೇಲೆ ಸೀಬರ್ಡ್ ಯೋಜನೆಯ ಅಲೆತಡೆಯ ಕಲ್ಲಿನ ಕಟ್ಟೆ ದ್ವೀಪವನ್ನು ದಡಕ್ಕೆ ಜೋಡಿಸಿತು. ಮಳೆಗಾಲದ ಕಡಲು ಈಗ ಅದನ್ನು ಮುಚ್ಚಲಾರದು.

ಬಿಣಗಾದಲ್ಲಿ ನಿಂತಾಗ ನಮಗೆ ಇಷ್ಟೆಲ್ಲ ತಿಳಿದಿರಲಿಲ್ಲ. ಮಳೆ ಮತ್ತೆ ಬಂತು, ದ್ವೀಪ ಕಾಣದಾಯಿತು, ನಾವು ಕಾರು ಹತ್ತಿದೆವು. ದೆಹಲಿಗೆ ಮರಳಿ ಓದತೊಡಗಿದ ಮೇಲೆ ಆ ನೋಟ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತದೆ. ಅಂದು ಚಹಾದ ಹೊತ್ತಿನಲ್ಲಿ ಆಡಲಾಗದ ಮಾತನ್ನು ಇಲ್ಲಿ ಬರೆದಿದ್ದೇವೆ: ಪ್ರವಾಸಿಗನಿಗೆ ಏನೂ ಇಲ್ಲದ ತಿಂಗಳುಗಳಲ್ಲಿಯೇ ದ್ವೀಪದ ಚರಿತ್ರೆಯ ಬಹುಭಾಗ ನಡೆದಿರುತ್ತದೆ.