ಹಳೆ ಜೆಸಿಬಿ ಕೊಳ್ತೀರಾ? ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡ್ರಿ

ಬಸವಕಲ್ಯಾಣ/ಹುಮನಾಬಾದ್: ಮಳೆ ನಿಂತು ಎರೆ ಹೊಲ ಒಣಗಿತು ಅಂದ್ರೆ ಬದು, ಬಾವಿ, ಕೃಷಿ ಹೊಂಡ, ಪೈಪ್‌ಲೈನ್ ಕೆಲಸಗಳು ಶುರುವಾಗ್ತವೆ. ಅದರ ಜೊತೆಗೇ ಹಳೆ ಜೆಸಿಬಿಗಳ ಸೌದಾ ಕೂಡ. ಹೊಸ ಬ್ಯಾಕ್‌ಹೋ ಲೋಡರ್ ಬೆಲೆ 30 ಲಕ್ಷ ರೂಪಾಯಿ ದಾಟಿರುವುದರಿಂದ ಮನೆಯ ಬಂಗಾರ ಅಡವಿಟ್ಟೋ, ಹೊಲದ ಮೇಲೆ ಸಾಲ ತೆಗೆದೋ ಸೆಕೆಂಡ್ ಹ್ಯಾಂಡ್ ಗಾಡಿ ತರುವವರು ಎರಡೂ ತಾಲ್ಲೂಕುಗಳಲ್ಲಿ ಇದ್ದಾರೆ. ಗಾಡಿ ಕೆಟ್ಟು ನಿಂತರೆ ಕಂತು ನಿಲ್ಲುವುದಿಲ್ಲ. ಹೀಗಾಗಿ ಬಯಾನಾ ಕೊಡುವ ಮುಂಚೆ ಅರ್ಧ ದಿನ ಕೂತು ನೋಡುವುದು ಅಗತ್ಯ.

ರಾಷ್ಟ್ರೀಯ ಹೆದ್ದಾರಿ 65 ಎರಡೂ ತಾಲ್ಲೂಕುಗಳಲ್ಲಿ ಹಾದು ಹೋಗುತ್ತದೆ. ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ ಜಹೀರಾಬಾದ್, ಹೈದರಾಬಾದ್. ಎಂಎಚ್ 13, ಎಂಎಚ್ 24, ಟಿಎಸ್ ಪಾಸಿಂಗ್ ಗಾಡಿಗಳು ಇಲ್ಲಿಗೆ ಬರುವುದು ಈ ದಾರಿಯಲ್ಲೇ. ದರ ಕಡಿಮೆ ಅನ್ನಿಸಬಹುದು, ಆದರೆ ಕಾಗದಪತ್ರದ ತಿರುಗಾಟ ಹೆಚ್ಚು.

ಮೊದಲು ಬಾನೆಟ್ ಮುಟ್ಟಿ ನೋಡಿ

ಮಾರುವವರು ಫೋನ್ ಮಾಡಿ "ಬರ್ರಿ, ಗಾಡಿ ಸ್ಟಾರ್ಟ್ ಮಾಡಿ ಇಟ್ಟೀನಿ" ಅಂದರೆ, ಬಂದ್ ಮಾಡಿ ಇಡ್ರಿ ಅಂತ ಹೇಳಬೇಕು. ಬಿಸಿ ಎಂಜಿನ್ ತನ್ನ ರೋಗ ಮುಚ್ಚಿಡುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಚಾವಿ ತಿರುಗಿಸಿದರೆ ಬ್ಯಾಟರಿ, ಸ್ಟಾರ್ಟರ್, ಕಂಪ್ರೆಷನ್ ಎಲ್ಲದರ ಹಣೆಬರಹ ತಿಳಿಯುತ್ತದೆ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಇದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ರೇಡಿಯೇಟರ್ ನೀರು ಒಳಗೆ ಸೇರುತ್ತಿದೆ. ಕಪ್ಪು ಹೊಗೆಗೆ ಕೆಲವೊಮ್ಮೆ ಏರ್ ಫಿಲ್ಟರ್ ಕಟ್ಟಿರುವುದೂ ಕಾರಣ, ಅದು ಸಣ್ಣ ಖರ್ಚು. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ನೋಡಿದಾಗ ರಭಸದಿಂದ ಹೊಗೆ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿವೆ ಅಂತಲೇ ತಿಳಿಯಬೇಕು. ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆಸಿದ ಚಹಾದಂಥ ಆಯಿಲ್ ಕಂಡರೆ ನೀರು ಸೇರಿದೆ ಎಂದರ್ಥ, ಸೌದಾ ಅಲ್ಲಿಗೇ ಬಿಡುವುದು ಒಳ್ಳೆಯದು.

2021ರ ಏಪ್ರಿಲ್‌ನಿಂದ ಗಾಲಿ ಇರುವ ನಿರ್ಮಾಣ ಯಂತ್ರಗಳಿಗೆ ಹೊಸ ಹೊಗೆ ನಿಯಮ ಬಂತು. ಆ ಮೇಲಿನ ಗಾಡಿಗಳಲ್ಲಿ ಸೆನ್ಸರ್, ಎಲೆಕ್ಟ್ರಾನಿಕ್ ಕೆಲಸ ಜಾಸ್ತಿ. ಅಂಥ ಗಾಡಿಗೆ ಲ್ಯಾಪ್‌ಟಾಪ್ ಹಚ್ಚಿ ಎರರ್ ಕೋಡ್ ತೋರಿಸುವ ಮೆಕ್ಯಾನಿಕ್ ಬೇಕೇ ಬೇಕು.

ಅವರ್ ಮೀಟರ್ ಒಂದನ್ನೇ ನಂಬಬೇಡಿ

ಮೀಟರ್ ಬದಲಿಸುವುದು ದೊಡ್ಡ ವಿದ್ಯೆ ಏನಲ್ಲ. ದಿನಕ್ಕೆ 8 ತಾಸಿನಂತೆ ವರ್ಷಕ್ಕೆ 200 ದಿನ ಓಡಿದರೂ 1,600 ತಾಸು ಆಗುತ್ತದೆ. ಐದು ವರ್ಷದ ಬಾಡಿಗೆ ಗಾಡಿ 3,000 ತಾಸು ತೋರಿಸಿದರೆ ಕಾರಣ ಕೇಳಬೇಕು. ಪೆಡಲ್ ರಬ್ಬರ್ ನುಣ್ಣಗಾಗಿರುವುದು, ಸೀಟು ಕುಸಿದಿರುವುದು, ಲಿವರ್ ಹಿಡಿಕೆ ಸವೆದಿರುವುದು ಸುಳ್ಳು ಹೇಳುವುದಿಲ್ಲ. ಕಂಪನಿಯ ಲೈವ್‌ಲಿಂಕ್ ಇರುವ ಗಾಡಿಯಾದರೆ ತಾಸಿನ ಲೆಕ್ಕ, ಸರ್ವಿಸ್ ದಾಖಲೆ ಮಾಲೀಕರ ಮೊಬೈಲಿನಲ್ಲೇ ತೋರಿಸಲು ಕೇಳಬಹುದು.

ಪಿನ್, ಬುಷ್, ವೆಲ್ಡಿಂಗ್

ನಮ್ಮ ಕಡೆ ಮೇಲೆ ಎರೆ ಮಣ್ಣು, ಮುರುಮ್, ಕೆಳಗೆ ಕರಿಕಲ್ಲು. ಬಾವಿ ತೋಡಲು ಬ್ರೇಕರ್ ಹಚ್ಚಿದ ಗಾಡಿಗೆ ಬೀಳುವ ಏಟು ಬೇರೆಯೇ. ಹಿಂದಿನ ತೋಳಿನ ಮೇಲೆ ಬ್ರೇಕರ್ ಪೈಪ್ ಇದ್ದರೆ, ಅಥವಾ ಪೈಪ್ ತೆಗೆದ ಕ್ಲ್ಯಾಂಪ್ ಗುರುತು ಕಂಡರೆ, ಕಲ್ಲಿನ ಕೆಲಸ ಎಷ್ಟು ವರ್ಷ ಮಾಡಿದೆ ಅಂತ ಕೇಳ್ರಿ. ಹಾಗಂತ ಬ್ರೇಕರ್ ಗಾಡಿಯೆಲ್ಲ ಕೆಟ್ಟದ್ದಲ್ಲ, ದರ ಮಾತ್ರ ಅದಕ್ಕೆ ತಕ್ಕಂತೆ ಇಳಿಯಬೇಕು.

ಹಿಂದಿನ ಬಕೆಟ್ ನೆಲಕ್ಕೆ ಊರಿಸಿ ತೋಳನ್ನು ನಿಧಾನಕ್ಕೆ ಮೇಲೆ ಕೆಳಗೆ, ಎಡಬಲ ಆಡಿಸಲು ಆಪರೇಟರ್‌ಗೆ ಹೇಳಿ, ದೂರ ನಿಂತು ಒಂದೊಂದೇ ಕೀಲು ನೋಡಬೇಕು. ಪಿನ್ ಮೊದಲು ಅಲುಗಾಡಿ ಆಮೇಲೆ ತೋಳು ಎದ್ದರೆ ಬುಷ್ ಹೋಗಿದೆ. ಬುಷ್ ಬದಲಿಸಬಹುದು. ಆದರೆ ಪಿನ್ ಕೂಡುವ ತೂತೇ ಅಗಲವಾಗಿದ್ದರೆ ಲೇಥ್ ಕೆಲಸ, ಅದು ದುಬಾರಿ. ತೋಳು ತಿರುಗುವ ಕಂಬದ ಹತ್ತಿರ, ಚಾಸಿಯ ಮೂಲೆಗಳಲ್ಲಿ ಬಿರುಕು ಹುಡುಕಿ. ಇಡೀ ಗಾಡಿ ಹಳೆಯದಾಗಿದ್ದು ಅಲ್ಲಿ ಮಾತ್ರ ಹೊಸ ಹಳದಿ ಬಣ್ಣ ಮಿಂಚುತ್ತಿದ್ದರೆ ಕೆರೆದು ನೋಡಲು ಸಂಕೋಚ ಬೇಡ.

ಹೈಡ್ರಾಲಿಕ್: ಸೀಮೆಸುಣ್ಣದ ಪರೀಕ್ಷೆ

ಗಾಡಿಯನ್ನು ಅರ್ಧ ತಾಸು ದುಡಿಸಿ ಆಯಿಲ್ ಬಿಸಿ ಮಾಡಿಸಿ. ಆಮೇಲೆ ಬಕೆಟ್ ತುಂಬಿ ಎತ್ತಿ, ಎಂಜಿನ್ ಬಂದ್ ಮಾಡಿ, ಸಿಲಿಂಡರ್ ರಾಡ್ ಹೊರಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿಸಿ. ಹತ್ತು ನಿಮಿಷದಲ್ಲಿ ಗುರುತು ಬೇಗ ಬೇಗ ಸರಿದರೆ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಹಿಂದಿನ ಸ್ಟೆಬಿಲೈಸರ್ ಕಾಲುಗಳಿಗೂ ಇದೇ ಪರೀಕ್ಷೆ. ಎತ್ತಿದ ಬಕೆಟ್ ಕೆಳಗೆ ಯಾರೂ ನಿಲ್ಲಬಾರದು. ಗುರುತನ್ನು ಪಕ್ಕದಿಂದಲೇ ಹಾಕಬೇಕು. ಇನ್ನೊಂದು ಮಾತು: ಹೋಸ್ ಸೋರುವುದನ್ನು ಕೈಯಿಂದ ತಡವಬೇಡಿ. ಒತ್ತಡದ ಆಯಿಲ್ ಸೂಜಿಯಂತೆ ಚರ್ಮದೊಳಗೆ ಹೊಕ್ಕು ಬೆರಳು ಕತ್ತರಿಸುವ ಪಾಳಿ ಬಂದೀತು. ಒಂದು ರಟ್ಟಿನ ತುಂಡು ಹಿಡಿದರೆ ಸಾಕು, ಸೋರುತ್ತಿದ್ದರೆ ಒದ್ದೆಯಾಗುತ್ತದೆ.

ನಂತರ ರಸ್ತೆಗಿಳಿಸಿ ಮುಂದೆ, ಹಿಂದೆ, ಎಲ್ಲ ಗೇರಿನಲ್ಲಿ ಓಡಿಸಿ. ಗೇರ್ ಹಾಕಿದ ಮೇಲೆ ತಡೆದು ಹೊರಟರೆ, ಆಯಿಲ್ ಸುಟ್ಟ ವಾಸನೆ ಇದ್ದರೆ ಟ್ರಾನ್ಸ್‌ಮಿಷನ್ ಕೆಲಸ ಬಾಕಿ ಇದೆ.

ಕಾಗದಪತ್ರ

ಆರ್‌ಸಿಯಲ್ಲಿನ ಚಾಸಿ, ಎಂಜಿನ್ ನಂಬರುಗಳನ್ನು ಗಾಡಿಯ ಮೇಲಿನ ಅಚ್ಚಿನ ಜೊತೆ ಒಂದೊಂದು ಅಕ್ಷರ ತಾಳೆ ನೋಡಬೇಕು. ಫೈನಾನ್ಸ್ ಇದ್ದರೆ ಬಾಯಿಮಾತಿನ "ಸಾಲ ಮುಟ್ಟಿದೆ" ಸಾಲದು. ಸಾಲ ಕೊಟ್ಟವರ ಸಹಿ, ಮೊಹರು ಇರುವ ಫಾರ್ಮ್ 35 ಮತ್ತು ಬಾಕಿ ಇಲ್ಲದ ಪತ್ರ ಕೈಯಲ್ಲಿ ಇರಬೇಕು. ಮಾಲೀಕತ್ವ ಬದಲಾವಣೆಗೆ ಫಾರ್ಮ್ 29, 30. ಬೇರೆ ರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಲೇಬೇಕು. ಬಸವಕಲ್ಯಾಣದಲ್ಲಿ ಅದು ಕೆಎ 56. ಇಲ್ಲಿನ ತೆರಿಗೆ ಎಷ್ಟಾಗುತ್ತದೆ ಅಂತ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ದರದಲ್ಲಿ ಕಳೆಯಬೇಕು. ವಿಮೆಯನ್ನೂ ಸೌದಾ ಆದ 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು.

ಜನ ಹಿಟಾಚಿ, ಪೋಕ್ಲೇನ್ ಅಂತ ಕರೆಯುವ ಚೈನ್ ಮಷಿನ್‌ಗಳ ಕಥೆ ಇನ್ನೂ ಸೂಕ್ಷ್ಮ. ಸಾಮಾನ್ಯವಾಗಿ ಅವುಗಳಿಗೆ ಆರ್‌ಸಿ ಇರುವುದಿಲ್ಲ, ಹೀಗಾಗಿ ಮೊದಲ ಮಾಲೀಕರ ಹೆಸರಿನ ಕಂಪನಿ ಬಿಲ್ಲಿನಿಂದ ಇಲ್ಲಿಯವರೆಗೆ ಕೈ ಬದಲಾದ ಪ್ರತಿ ಕಾಗದವೂ ಬೇಕು. ಫೈನಾನ್ಸ್‌ನವರು ಸೀಜ್ ಮಾಡಿ ಹರಾಜಿಗಿಡುವ ಗಾಡಿ "ಇದ್ದಲ್ಲಿ ಇದ್ದಂತೆ" ಷರತ್ತಿನದು. ಕೆಲಸ ಮಾಡಿಸಿ ನೋಡಲು ಬಿಡದಿದ್ದರೆ ರಿಪೇರಿ ಖರ್ಚು ಹಿಡಿದೇ ಬೋಲಿ ಕೂಗಬೇಕಾಗುತ್ತದೆ.

ಮೆಕ್ಯಾನಿಕ್‌ನನ್ನು ಕೊಳ್ಳುವವರೇ ಕರೆದುಕೊಂಡು ಹೋಗಬೇಕು, ಅವರ ದಿನದ ಕೂಲಿಯನ್ನೂ ಕೊಳ್ಳುವವರೇ ಕೊಡಬೇಕು. ಸೌದಾ ಕೂಡಿಸಿದ ಏಜೆಂಟ್ ಕಮಿಷನ್ ಆಸೆಗೆ ತಂದ ಮೆಕ್ಯಾನಿಕ್ "ಗಾಡಿ ಟಾಪ್ ಐತ್ರಿ" ಅನ್ನದೆ ಇನ್ನೇನು ಅಂದಾನು?