ಬೊಕ್ಕಸವೇ ಮನೆಯ ತಿಜೋರಿಯಾದಾಗ: ನೇಪಾಳದ ರಾಣಾ ದರ್ಬಾರು

1951ರಲ್ಲಿ ಅಧಿಕಾರ ಕಳೆದುಕೊಂಡ ನೇಪಾಳದ ಪ್ರಧಾನಿಯೊಬ್ಬ ದೇಶ ಬಿಟ್ಟು ನಮ್ಮ ಬೆಂಗಳೂರಿಗೆ ಬಂದು ನೆಲೆಸಿದ. 1967ರಲ್ಲಿ ಇಲ್ಲಿಯೇ ತೀರಿಕೊಂಡ. ಹೆಸರು ಮೋಹನ್ ಶಂಶೇರ್. 104 ವರ್ಷಗಳ ಕಾಲ ನೇಪಾಳವನ್ನು ಮನೆತನದ ಆಸ್ತಿಯಂತೆ ಅನುಭವಿಸಿದ ರಾಣಾ ವಂಶದ ಕೊನೆಯ ಪ್ರಧಾನಿ ಈತ.

ಹಾಗಾದರೆ ಆ ದೇಶಕ್ಕೆ ಅರಸನಿರಲಿಲ್ಲವೇ? ಇದ್ದ. ಶಾಹ ವಂಶದ ದೊರೆ ಸಿಂಹಾಸನದ ಮೇಲೆಯೇ ಕುಳಿತಿದ್ದ. ಆದರೆ 1846ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿಯ ನಂತರ ಆ ಕುರ್ಚಿಗೆ ಬೆಲೆ ಉಳಿಯಲಿಲ್ಲ. ರಾಣಿಯ ಆಪ್ತ ಗಗನ್ ಸಿಂಗ್‌ನ ಕೊಲೆಯಾಗಿತ್ತು. ಕೊಲೆಗಾರ ಯಾರೆಂದು ತಿಳಿಯಲು ಆಕೆ ದರ್ಬಾರಿನ ಗಣ್ಯರನ್ನೆಲ್ಲ ಕಠ್ಮಂಡುವಿನ 'ಕೋಟ್' ಎಂಬ ಶಸ್ತ್ರಾಗಾರದ ಅಂಗಳಕ್ಕೆ ಕರೆಸಿದಳು. ಮಾತು ಜಗಳಕ್ಕೆ ತಿರುಗಿತು. ಜಂಗ್ ಬಹಾದ್ದೂರ್ ಕುಂವರ್ ಎಂಬ ತರುಣ ಸೇನಾಧಿಕಾರಿಯ ಸೈನಿಕರು ಮತ್ತು ತಮ್ಮಂದಿರು ಹತ್ತಾರು ಗಣ್ಯರನ್ನು ಅಲ್ಲಿಯೇ ಕೊಂದು ಹಾಕಿದರು. ಬೆಳಗಾಗುವಷ್ಟರಲ್ಲಿ ಜಂಗ್ ಪ್ರಧಾನಿ.

ಕುಂವರ್ ಹೋಗಿ 'ರಾಣಾ' ಎಂಬ ಹೆಸರು ಬಂತು. 1856ರಲ್ಲಿ ರಾಜಮುದ್ರೆಯ ಫರ್ಮಾನು ಈತನನ್ನು ಕಾಸ್ಕಿ ಮತ್ತು ಲಮ್‌ಜುಂಗ್‌ಗಳ ಮಹಾರಾಜನನ್ನಾಗಿ ಮಾಡಿತು. ಪ್ರಧಾನಿ ಪದವಿಯೂ ವಂಶಪಾರಂಪರ್ಯವಾಯಿತು. ಅದು ಅಣ್ಣನಿಂದ ತಮ್ಮನಿಗೆ ಹೋಗಬೇಕೆಂಬ ಪಟ್ಟಿಯೂ ಸಿದ್ಧವಾಯಿತು. ಅರಸನ ಹೆಸರಿನ ಹಿಂದೆ ಐದು 'ಶ್ರೀ', ಪ್ರಧಾನಿಯ ಹೆಸರಿನ ಹಿಂದೆ ಮೂರು. ಲೆಕ್ಕದಲ್ಲಿ ಐದು ದೊಡ್ಡದು. ಕಠ್ಮಂಡುವಿನಲ್ಲಿ ಮಾತ್ರ ಮೂರೇ ದೊಡ್ಡದು!

ರಾಣಾಗಳ ಆಡಳಿತವನ್ನು 'ಲಂಚಕೋರ' ಎಂದು ಕರೆದರೆ ಪೂರ್ತಿ ಸರಿಯಾಗದು. ಲಂಚವೆಂದರೆ ಕಾನೂನಿಗೆ ಕಣ್ಣು ತಪ್ಪಿಸಿ ನಡೆಯುವಂಥದು. ಇಲ್ಲಿ ಲೂಟಿಯೇ ಕಾನೂನಾಗಿತ್ತು. ಸರ್ಕಾರದ ಖರ್ಚು ಕಳೆದು ಕಂದಾಯದಲ್ಲಿ ಉಳಿದದ್ದೆಲ್ಲ ಪ್ರಧಾನಿಯ ಸ್ವಂತ ಹಣ. ಆಯವ್ಯಯ ಪತ್ರವನ್ನು ಪ್ರಕಟಿಸುವ ಪದ್ಧತಿಯೇ ಇರಲಿಲ್ಲ. ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಖರ್ಚು ಮಾಡಿದಷ್ಟೂ ತನ್ನ ಜೇಬಿಗೇ ನಷ್ಟವೆಂದಾದ ಮೇಲೆ ಯಾರು ತಾನೇ ಖರ್ಚು ಮಾಡಿಯಾರು? ರಾಣಾಗಳು ಹೋಗುವ ಹೊತ್ತಿಗೆ ಓದುಬರಹ ಬಲ್ಲವರು ನೂರಕ್ಕೆ ಐದರಷ್ಟಿದ್ದರು. ಕಠ್ಮಂಡುವಿಗೆ ಮೋಟಾರು ರಸ್ತೆ ಇರಲಿಲ್ಲ. ಆದರೂ ರಾಣಾಗಳಿಗೆ ಮೋಟಾರು ಕಾರುಗಳಿದ್ದವು. ಕೂಲಿಗಳು ಅವನ್ನು ಬೆಟ್ಟದ ಕಾಲುದಾರಿಯಲ್ಲಿ ಹೆಗಲ ಮೇಲೆ ಹೊತ್ತು ತರುತ್ತಿದ್ದರು.

ಭೂಮಿಯದೂ ಅದೇ ಕಥೆ. 1857ರ ದಂಗೆಯಲ್ಲಿ ಜಂಗ್ ಬ್ರಿಟಿಷರ ನೆರವಿಗೆ ಲಖನೌಗೆ ಸೈನ್ಯ ಒಯ್ದಿದ್ದಕ್ಕೆ ಪ್ರತಿಯಾಗಿ 1860ರಲ್ಲಿ ಪಶ್ಚಿಮ ತರಾಯಿಯ ಬಯಲು ನೇಪಾಳಕ್ಕೆ ಮರಳಿತು. ಅದರ ಬಹುಭಾಗ ಜಂಗ್ ಮತ್ತು ಆತನ ಸೋದರರ 'ಬಿರ್ತಾ' ಆಯಿತು. ಬಿರ್ತಾ ಎಂದರೆ ತೆರಿಗೆಯಿಲ್ಲದ ಉಂಬಳಿ. 1950ರ ಸುಮಾರಿಗೆ ದೇಶದ ಸಾಗುವಳಿ ಭೂಮಿಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬಿರ್ತಾ ಆಗಿತ್ತು. ಅದರಲ್ಲಿ ಸಿಂಹಪಾಲು ರಾಣಾಗಳದು.

ನೌಕರರ ಪಾಡು ಕೇಳುವಂತಿರಲಿಲ್ಲ. ವರ್ಷಕ್ಕೊಮ್ಮೆ 'ಪಜನಿ' ನಡೆಯುತ್ತಿತ್ತು. ಪ್ರತಿಯೊಬ್ಬರ ಕೆಲಸ ಉಳಿಯುವುದೋ ಹೋಗುವುದೋ ಆಗ ತೀರ್ಮಾನವಾಗುತ್ತಿತ್ತು. ಹೀಗಾಗಿ ಪ್ರಭುಗಳ ಬಾಗಿಲಲ್ಲಿ ದಿನವೂ ಮುಖ ತೋರಿಸಿ ಕೈಮುಗಿದು ನಿಲ್ಲುವ 'ಚಾಕರಿ' ಕಚೇರಿ ಕೆಲಸಕ್ಕಿಂತ ಮುಖ್ಯವಾಯಿತು.

ಕೃಷ್ಣಲಾಲ್ ಅಧಿಕಾರಿ ಎಂಬ ಸರ್ಕಾರಿ ನೌಕರರು 1920ರಲ್ಲಿ ಮುಸುಕಿನ ಜೋಳದ ಬೇಸಾಯ ಕುರಿತು ಒಂದು ಪುಸ್ತಕ ಬರೆದರು. ಬೆಳೆಗೆ ಬೀಳುವ ಕೆಂಪು ತಲೆ ಮತ್ತು ಕಪ್ಪು ತಲೆಯ ಹುಳುಗಳ ಪ್ರಸ್ತಾಪ ಅದರಲ್ಲಿತ್ತು. ವಿಲಾಯತಿ ನಾಯಿಯನ್ನು ಎಷ್ಟೇ ಮುದ್ದಿನಿಂದ ಸಾಕಿದರೂ ಬೆಳೆ ಕಾಯಲು ಊರ ನಾಯಿಯೇ ಬೇಕೆಂಬ ಮಾತೂ ಇತ್ತು. ಆಗಿನ ಪ್ರಧಾನಿ ಚಂದ್ರ ಶಂಶೇರನ ಕಿವಿಗೆ ಯಾರೋ ಊದಿದರು: ಹುಳುಗಳೆಂದರೆ ತಾವು ಮತ್ತು ತಮ್ಮ ಸೋದರ, ನಾಯಿಯೆಂದರೆ ಬ್ರಿಟಿಷರು! ಪುಸ್ತಕದ ಪ್ರತಿಗಳು ಜಪ್ತಿಯಾದವು. ಲೇಖಕರು ಜೈಲು ಸೇರಿ 1923ರಲ್ಲಿ ಅಲ್ಲಿಯೇ ಸತ್ತರು. ಅವರು ವ್ಯಂಗ್ಯವಾಡಿದ್ದರೋ, ನಿಜವಾಗಿಯೂ ಹುಳುಗಳ ಬಗ್ಗೆ ಬರೆದಿದ್ದರೋ? ಓದಿದವನಿಗೆ ತನ್ನ ಮುಖವೇ ಕಂಡಿತೆಂಬುದಂತೂ ನಿಜ.

ಮನೆಯೊಳಗೂ ನೆಮ್ಮದಿಯಿರಲಿಲ್ಲ. 1885ರಲ್ಲಿ ಜಂಗ್‌ನ ತಮ್ಮ ರಣೋದ್ದೀಪ ಸಿಂಗ್‌ನನ್ನು ಅಣ್ಣತಮ್ಮಂದಿರ ಮಕ್ಕಳೇ ಕೊಂದರು. ಜನರ ಅಹವಾಲು ಕೇಳಿ, 'ಗೋರಖಾಪತ್ರ' ಪತ್ರಿಕೆ ಹೊರಡಿಸಿದ ದೇವ ಶಂಶೇರನನ್ನು 1901ರಲ್ಲಿ 114 ದಿನಕ್ಕೇ ತಮ್ಮಂದಿರು ಇಳಿಸಿದರು. ತಾಯಿಯ ಕುಲ ನೋಡಿ ರಾಣಾಗಳನ್ನು ಎ, ಬಿ, ಸಿ ಎಂದು ದರ್ಜೆ ಮಾಡಿದವನೂ ಚಂದ್ರ ಶಂಶೇರನೇ. 1934ರಲ್ಲಿ ಜುದ್ಧ ಶಂಶೇರ್ 'ಸಿ' ದರ್ಜೆಯವರನ್ನು ಉತ್ತರಾಧಿಕಾರದ ಪಟ್ಟಿಯಿಂದಲೇ ಹೊಡೆದುಹಾಕಿದ. ಹಾಗೆ ಹೊರಬಿದ್ದ ಕವಲಿನ ಸುವರ್ಣ ಶಂಶೇರ್ ಮುಂದೆ ಕಲ್ಕತ್ತೆಯಲ್ಲಿ ಕುಳಿತು ರಾಣಾ ವಿರೋಧಿ ಹೋರಾಟಕ್ಕೆ ಹಣ ಸುರಿದರು.

1950ರ ನವೆಂಬರಿನಲ್ಲಿ ದೊರೆ ತ್ರಿಭುವನ್ ಭಾರತದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದ. ಮೋಹನ್ ಶಂಶೇರ್ ಮೂರು ವರ್ಷದ ಮೊಮ್ಮಗ ಜ್ಞಾನೇಂದ್ರನಿಗೆ ಪಟ್ಟ ಕಟ್ಟಿದ. ಭಾರತ ಅದನ್ನು ಒಪ್ಪಲಿಲ್ಲ. 1951ರ ಫೆಬ್ರವರಿಯಲ್ಲಿ ದೊರೆ ಹಿಂದಿರುಗಿದಾಗ ರಾಣಾಶಾಹಿ ಮುಗಿದಿತ್ತು. ಮರುವರ್ಷ ದೇಶದ ಮೊದಲ ಬಜೆಟ್ ಮಂಡಿಸಿದ ಅರ್ಥಮಂತ್ರಿ ಅದೇ ಸುವರ್ಣ ಶಂಶೇರ್.

ಚಂದ್ರ ಶಂಶೇರ್ ತನಗಾಗಿ ಕಟ್ಟಿಸಿ, ನಂತರ ಸರ್ಕಾರಕ್ಕೇ ಮಾರಿದ ಸಿಂಹ ದರ್ಬಾರ್ ಅರಮನೆ ಮುಂದೆ ನೇಪಾಳದ ಸಚಿವಾಲಯವಾಯಿತು. 1973ರ ಬೆಂಕಿಯಲ್ಲಿ ಅದರ ಬಹುಭಾಗ ಸುಟ್ಟಿತು. 2025ರ ಸೆಪ್ಟೆಂಬರ್ 9ರಂದು, ಭ್ರಷ್ಟಾಚಾರ ಮತ್ತು ರಾಜಕಾರಣಿಗಳ ಮಕ್ಕಳ ಮೆರೆದಾಟದ ವಿರುದ್ಧ ಬೀದಿಗಿಳಿದ ತರುಣರ ಪ್ರತಿಭಟನೆ ಭುಗಿಲೆದ್ದಾಗ, ಅದಕ್ಕೆ ಮತ್ತೆ ಬೆಂಕಿ ಬಿತ್ತು.